ಸೌಮು ಆರಿಸಿದ ಚಂದ್ರ

ಸ್ವಾಹಿಲಿ ಕರಾವಳಿಯ ನಮ್ಮೂರಿನ ಓದುಮನೆಗೆ ಬರುವ ಪ್ರತಿಯೊಂದು ಮಕ್ಕಳ ಪುಸ್ತಕವನ್ನೂ ಅಲ್ಲಿ ಕೆಲಸಕ್ಕಿದ್ದ ಸೌಮು ಮೂರು ಸಲ ಓದುತ್ತಿದ್ದಳು. ಮೊದಲ ಸಲ ಪದಗಳಿಗಾಗಿ: ಪುಟಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಪದಗಳಿದ್ದರೆ ಅದು ಈಗಷ್ಟೇ ಓದಲು ಕಲಿಯುತ್ತಿರುವ ಮಗುವಿಗೆ ಆಗದು. ಎರಡನೆಯ ಸಲ ಸಂಗತಿಗಳಿಗಾಗಿ: ಗ್ರಹಗಳು ಎಂಟೋ ಒಂಬತ್ತೋ, ಸೂರ್ಯನನ್ನು ನಕ್ಷತ್ರ ಎಂದಿದ್ದಾರೋ ಇಲ್ಲವೋ. ಮೂರನೆಯ ಸಲ, ಸಂಜೆ ಹೊತ್ತು, ಗಂಡನಿಗೆ ಗಟ್ಟಿಯಾಗಿ. ಪ್ರತಿ ಓದಿಗೂ ನೋಟುಪುಸ್ತಕದಲ್ಲಿ ಪೆನ್ಸಿಲಿನ ಒಂದು ಗುರುತು. ಮೂರು ಗುರುತು ಬಿದ್ದದ್ದು ಮಾತ್ರ ಕೆಳಗಿನ ಕಪಾಟಿಗೆ, ಏಳು ವರ್ಷದವರ ಕೈಗೆ ಎಟಕುವಲ್ಲಿಗೆ ಹೋಗುತ್ತಿತ್ತು.

ಗಂಡ ಕೊಂಬೋ ದೋಣಿಯವನು. ಊರಿನ ಎದುರು ಕಡಲಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಂತಿರುವ ಹಳೆಯ ಉಡಾವಣಾ ಕಟ್ಟೆಗೆ ಹರೆಯದಲ್ಲಿ ಇಂಜಿನಿಯರುಗಳನ್ನು ಮುಟ್ಟಿಸುತ್ತಿದ್ದ. ಅಲ್ಲಿಂದ ರಾಕೆಟ್ ಹಾರುವುದು ನಿಂತು ಮೂವತ್ತು ವರ್ಷದ ಮೇಲಾಯಿತು. ಅವನಿಗೆ ಓದು ಬಾರದು. ಬಲೆ ಹೆಣೆಯುತ್ತಾ ಕೇಳುವನು, ಚಿತ್ರಗಳನ್ನು ನೋಡುವನು.

“ಇದೇನೇ, ಕಿಟಕೀಲಿ ಯಾರೋ ಕೈ ಬೀಸ್ತಾ ಇದಾರೆ? ನಾನು ಕಂಡ ರಾಕೆಟ್‌ಗೆ ಕಿಟಕೀನೇ ಇರ್ಲಿಲ್ಲ.”

“ನಿನ್ನ ಮುಖ ನೋಡಿ ಮುಚ್ಚಿಕೊಂಡಿರ್ಬೇಕು.”

ಹಾಗೆಂದರೂ ಆ ಪುಸ್ತಕ ಮರುದಿನ ವಾಪಸು ಹೋಗುತ್ತಿತ್ತು.

ಕಳೆದ ವರ್ಷ ಕೊಂಬೋ ಜ್ವರ ಬಂದು ಸತ್ತ. ನಮ್ಮಲ್ಲಿ ವಿಧವೆಯರು ಕೂರುವಂತೆ ಸೌಮು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಕೂತಳು. ಆ ತಿಂಗಳುಗಳು ಚಂದ್ರನ ತಿಂಗಳುಗಳು. ಅಂಗಳದ ಪಡುವಣ ಗೋಡೆಯ ಮೇಲೆ ಹೊಸ ಚಂದ್ರ ಕಂಡಾಗಲೆಲ್ಲ ಇದ್ದಿಲಿನಿಂದ ಒಂದು ಗೆರೆ ಎಳೆದಳು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಅವಧಿ ಮುಗಿದ ವಾರವೇ ಕೆಲಸಕ್ಕೆ ಬಂದಳು. ಆಕಾಶದ ಬಗ್ಗೆ ದೂರದೇಶದಲ್ಲಿ ಬರೆದು ಸ್ವಾಹಿಲಿಗೆ ಅನುವಾದವಾಗಿ ಬಂದ ಹೊಸ ಪುಸ್ತಕಗಳ ಪೆಟ್ಟಿಗೆ ಕಾದಿತ್ತು. ಮೂರು ದಿನದೊಳಗೆ ಆರಿಸಬೇಕಿತ್ತು. ಪದ ಎಣಿಸಿದಳು, ಗ್ರಹ ಎಣಿಸಿದಳು, ಆರು ಪುಸ್ತಕ ಆರಿಸಿದಳು. ಮೂರನೆಯ ಗುರುತನ್ನು ಕೈ ತನ್ನಷ್ಟಕ್ಕೆ ಹಾಕಿತು.

ಇದಾಗಿ ನಾಲ್ಕು ತಿಂಗಳಿಗೆ ಒಂದು ಸಂಗತಿ ಅವಳ ಗಮನಕ್ಕೆ ಬಂತು: ಎರಡನೇ ತರಗತಿಯ ಮಿಶಿ ಹನ್ನೊಂದು ದಿನದಿಂದ ಓದುಮನೆಗೆ ಬಂದಿಲ್ಲ. ಸೌಮುವನ್ನು ಅಜ್ಜಿ ಎಂಬಂತೆ ‘ಬಿಬಿ’ ಎಂದು ಕರೆಯುವ, ದಿನಕ್ಕೊಂದು ಪುಟವಾದರೂ ಬೆರಳಿಟ್ಟು ಓದದೆ ಮನೆಗೆ ಹೋಗದ ಹುಡುಗಿ. ಸೌಮು ಅವಳ ಮೇಷ್ಟ್ರು ಚಾರೋ ಅವರನ್ನು ಕೇಳಿದಳು.

“ಹೊಸ ಚಂದ್ರನ ಚಿತ್ರ ಬರೀರಿ ಅಂದೆ, ಸೌಮು ಅವರೇ. ಇವಳು ದೋಣಿ ಬರೆದಿದ್ಲು. ತಪ್ಪು ಹಾಕ್ದೆ.”

“ಯಾಕೆ ತಪ್ಪು?”

“ನಿಮ್ಮ ಪುಸ್ತಕದಲ್ಲೇ ನೆಟ್ಟಗೆ ನಿಂತಿದೆಯಲ್ಲ! ನೀವು ಆರಿಸಿದ್ದರಲ್ಲಿ ತಪ್ಪಿರಲ್ಲ ಅಂತ ಊರಿಗೇ ಗೊತ್ತು.”

“ಮೇಷ್ಟ್ರೇ, ನೀವು ಆಕಾಶ ನೋಡೋದೇ ಇಲ್ವಾ?”

“ನಾನು ಮೂವತ್ತೆಂಟು ನೋಟ್‌ಬುಕ್ ನೋಡೋನು, ತಾಯಿ. ಆಕಾಶಕ್ಕೆ ಕತ್ತು ಉಳಿಯಲ್ಲ.”

ಸೌಮು ಪುಸ್ತಕ ತೆಗೆದು ನೋಡಿದಳು. ಒಂಬತ್ತನೆಯ ಪುಟ. ಮನೆಯ ಚಾವಣಿ, ಅದರ ಮೇಲೆ ತೆಳ್ಳಗಿನ ಚಂದ್ರ, ಬೆಳಕು ಬಲಗಡೆ, ಕೋಡುಗಳು ಮೇಲೊಂದು ಕೆಳಗೊಂದು. ಸುಳ್ಳಲ್ಲ. ದೂರದ ಉತ್ತರದ ಊರುಗಳಲ್ಲಿ ಅದು ಹೆಚ್ಚಾಗಿ ಹೀಗೆ ನಿಂತೇ ಕಾಣುತ್ತದೆ. ಭೂಮಧ್ಯರೇಖೆಯ ಹತ್ತಿರದ ನಮಗೆ ಮಲಗಿ ಕಾಣುತ್ತದೆ. ಅಷ್ಟು ತಿಂಗಳು ಗೋಡೆಯ ಮೇಲೆ ಮಲಗಿದ ಚಂದ್ರನನ್ನು ಎಣಿಸಿದವಳು ಈ ಪುಟವನ್ನು ನೋಡಿಯೂ ನೋಡಿರಲಿಲ್ಲ. ಕೊಂಬೋ ಆಗಿದ್ದರೆ ಬಲೆಯಿಂದ ಕಣ್ಣೆತ್ತಿದ ಕೂಡಲೇ ಹೇಳುತ್ತಿದ್ದ. ನಾಚಿಕೆಯಾಗುತ್ತಿದೆಯೇ ಎಂದು ತನ್ನೊಳಗೆ ಹುಡುಕಿದಳು. ಜೋಮು ಹಿಡಿದ ಕಾಲನ್ನು ಮುಟ್ಟಿದ ಹಾಗಿತ್ತು: ತನ್ನದೆಂದು ಗೊತ್ತು, ಅಷ್ಟೇ.

ಮಿಶಿಯ ಮನೆಗೆ ಹೋದಳು. ಹುಡುಗಿ ಹೊಸ್ತಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು.

“ಯಾಕೆ ಬರ್ತಿಲ್ಲ?”

“ಪುಸ್ತಕಕ್ಕೆ ಎಲ್ಲ ಗೊತ್ತು. ನಂಗೆ ಗೊತ್ತಿಲ್ಲ.”

“ಚಂದ್ರನ್ನ ನೀನು ನೋಡಿದ್ಯಲ್ಲ?”

“ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ದೋಣಿ ಥರಾನೇ ಇತ್ತು.” ತುರಿಯುವುದನ್ನು ನಿಲ್ಲಿಸಿದಳು. “ನನ್ನ ಕಣ್ಣೇ ಸರಿ ಇಲ್ಲ ಅನ್ಸುತ್ತೆ, ಬಿಬಿ.”

ಏಳು ವರ್ಷಕ್ಕೆ ತನ್ನ ಕಣ್ಣನ್ನು ನಂಬದ ಮಗು ಮುಂದೆ ಯಾವ ಪುಸ್ತಕವನ್ನೂ ತೆರೆಯದು. ಅದು ಸೌಮುಗೆ ಅಂಕಿಯಷ್ಟು ಸ್ಪಷ್ಟವಾಗಿತ್ತು.

“ನಾಳೆ ಚಂದ್ರನ ತಿಂಗಳ ಇಪ್ಪತ್ತೊಂಬತ್ತನೇ ದಿನ. ಚಂದ್ರ ನೋಡೋಕೆ ಬಾ. ನಾನು ಪುಸ್ತಕ ತರ್ತೀನಿ.”

ಮರುದಿನ ಸೂರ್ಯ ಮುಳುಗಿದ ಕೂಡಲೇ ಊರಿಗೆ ಊರೇ ಉಪ್ಪಿನ ಗದ್ದೆಗಳ ಅಂಚಿನಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿತ್ತು. ಇವತ್ತು ಕಂಡರೆ ನಾಳೆಯಿಂದ ಒಂದು ತಿಂಗಳ ಉಪವಾಸ.

“ಅಲ್ಲಿ!” ಎಂದರು ಮುದುಕ ಫುಮೋ.

“ಅದು ಕೊಕ್ಕರೆ, ಅಜ್ಜ!” ಯಾರೋ ಅಂದರು. “ಹೋದ ವರ್ಷಾನೂ ಕೊಕ್ಕರೆ ತೋರಿಸಿ ಉಪವಾಸ ಹಿಡಿಸೋಕೆ ನೋಡಿದ್ರಿ.”

ನಗು ಮುಗಿಯುವ ಮೊದಲೇ ಅದು ಕಂಡಿತು. ಗಾಳಿಗೆ ತುಸು ವಾಲಿದ ದೋಣಿಯಂತೆ, ಎರಡು ಕೋಡೂ ಮೇಲಕ್ಕೆ. ಕೊಂಬೋ ಹೋದ ಮೇಲೆ ಒಂಬತ್ತನೆಯದು ಎಂದು ಸೌಮು ಎಣಿಸಿದಳು. ಪುಸ್ತಕ ತೆರೆದು ಮಿಶಿಯ ಕೈಗೆ ಕೊಟ್ಟಳು.

ಮಿಶಿ ಪುಟ ನೋಡಿದಳು, ಆಕಾಶ ನೋಡಿದಳು. ತಲೆಯನ್ನು ಹೆಗಲಿಗೆ ವಾಲಿಸಿದಳು. ಆಮೇಲೆ ಪುಸ್ತಕವನ್ನೇ ಬಲಕ್ಕೆ ಕಾಲು ಸುತ್ತು ತಿರುಗಿಸಿದಳು.

“ಬಿಬಿ, ಸರಿ ಹೋಯ್ತು! ಆದ್ರೆ ಮನೆ ಬಿದ್ದೋಯ್ತು.”

“ಬೀಳ್ಲಿ. ಪುಸ್ತಕ ಬರೆದೋರ ಊರಲ್ಲಿ ಚಂದ್ರ ನಿಂತಿರುತ್ತೆ, ಇಲ್ಲಿ ಮಲಗಿರುತ್ತೆ. ಅವರ ಕಣ್ಣೂ ಸರಿ, ನಿನ್ನ ಕಣ್ಣೂ ಸರಿ.”

“ಹಾಗಾದ್ರೆ ತಪ್ಪು ಯಾರ್ದು?”

“ನಂದು. ಯಾರಿಗೂ ಓದಿ ತೋರಿಸದೆ ಕಪಾಟಿಗಿಟ್ಟೆ.”

“ಯಾರಿಗೆ ತೋರಿಸ್ಬೇಕಿತ್ತು?”

“ಕೊಂಬೋಗೆ.”

“ಅವರು ಸತ್ತೋದ್ರಲ್ಲ?”

“ಹೌದು,” ಎಂದಳು ಸೌಮು. ಆ ಮಾತನ್ನು ಅವಳ ಬಳಿ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ಮಿಶಿ ಪುಸ್ತಕವನ್ನು ಅಡ್ಡಲಾಗಿಯೇ ಹಿಡಿದು ಯೋಚಿಸಿದಳು. “ಇನ್ನೂ ಐದು ಇದೆ ಅಲ್ವಾ? ನಂಗೆ ಓದಿ ತೋರ್ಸಿ. ಸರಿ ಇಲ್ದಿದ್ರೆ ಹೇಳ್ತೀನಿ.”

ಸೌಮು ಹೇಳಿದ ಮೇಲೆ ಚಾರೋ ಮೇಷ್ಟ್ರು ಮಿಶಿಯ ದೋಣಿಗೆ ಸರಿ ಗುರುತು ಹಾಕಿದರು, ಆಗಲೂ ಆಕಾಶ ನೋಡದೆ. ಸೌಮು ನೋಟುಪುಸ್ತಕ ತೆರೆದು ಆರು ಪುಸ್ತಕಗಳ ಮೂರನೆಯ ಗುರುತನ್ನು ಒಂದೊಂದಾಗಿ ಅಳಿಸಿದಳು. ಪೆನ್ಸಿಲ್ ಒತ್ತಿದ ಗೀರುಗಳು ಕಾಗದದಲ್ಲಿ ಉಳಿದವು.

ಸೋಮವಾರ ಮಧ್ಯಾಹ್ನ ಮಿಶಿ ಬಂದು ಎದುರು ಕೂತಳು. ಸೌಮು ಎರಡನೆಯ ಪುಸ್ತಕ ಓದಿದಳು. ನಾಲ್ಕನೆಯ ಪುಟದಲ್ಲಿ ಮಿಶಿಯ ಬೆರಳು ಚಿತ್ರದ ಮೇಲೆ ನಿಂತಿತು.

“ಬಿಬಿ, ಎಲ್ಲಾ ರಾಕೆಟ್‌ಗೂ ಕಿಟಕಿ ಇರುತ್ತಾ?”

ಸೌಮು ಚಿತ್ರದ ಕಿಟಕಿಯನ್ನು ನೋಡಿದಳು.

“ನಮ್ಮೂರಿಂದ ಹಾರಿದ್ದಕ್ಕೆ ಇರ್ಲಿಲ್ಲ,” ಎಂದಳು. “ಹತ್ತಿರದಿಂದ ನೋಡಿದವರು ಹೇಳಿದ್ದು.”

ಆ ಪುಸ್ತಕವನ್ನು ವಾಪಸಿಗೆಂದು ಪಕ್ಕಕ್ಕಿಟ್ಟು ಮೂರನೆಯದನ್ನು ತೆರೆದಳು.