ಆರತಿ ತಟ್ಟೆಗೆ ಎರಡನೇ ಕೈ

ತುಮಕೂರಿನಲ್ಲಿ ನಾವು ಒಬ್ಬ ವಕೀಲರ ಮನೆಯ ಹಿಂದಿನ ಔಟ್‌ಹೌಸಿನಲ್ಲಿದ್ದೆವು. ಅವರ ಮನೆಯ ಪಾತ್ರೆ, ಬಟ್ಟೆ ಎಲ್ಲ ಅಮ್ಮನ ಕೆಲಸ. ಎಪ್ಪತ್ತರ ದಶಕದ ಕೊನೆಯಲ್ಲಿ ವಕೀಲರ ಹೆಂಡತಿ ಎರಡನೇ ಹೆರಿಗೆಯಾದ ಮೇಲೆ ಮಾತೇ ಬಿಟ್ಟರು. ಸ್ನಾನ ಬೇಡ, ಊಟ ಬೇಡ, ಮಗುವನ್ನು ಕಂಡರೆ ಅಳು. ಕಾರಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ನರಗಳ ವೀಕ್‌ನೆಸ್ ಎಂದು ಬೀದಿಗೆಲ್ಲ ಹೇಳಿದರು. ನೋಡಲು ಬಂದವರು ಮೂಸಂಬಿ, ಬ್ರೆಡ್ಡು ತಂದರು.

ಅದೇ ವರ್ಷ ಗುಬ್ಬಿಯಲ್ಲಿ ನಮ್ಮ ಚಿಕ್ಕಮ್ಮನಿಗೂ ಹಾಗೇ ಆಯಿತು. ಅದೇ ಹೆರಿಗೆ, ಅದೇ ಅಳು. ಆದರೆ ಕೊಬ್ಬರಿ ಮಂಡಿಯ ಕೂಲಿಯವಳಿಗೆ ನರಗಳು ಎಲ್ಲಿಂದ ಬರಬೇಕು? ಗಾಳಿ ಮೆಟ್ಟಿದೆ ಎಂದರು. ಕುಣಿಗಲ್ ಕಡೆಯ ಮಂತ್ರವಾದಿಯೊಬ್ಬ ಬೇವಿನ ಸೊಪ್ಪಿನಲ್ಲಿ ಹೊಡೆದು ಮೆಣಸಿನಕಾಯಿ ಹೊಗೆ ಹಾಕಿದ. ಮೂಸಂಬಿ ಹಾಳಾಗಲಿ, ಒಬ್ಬರೂ ಅವಳ ಬಾಗಿಲಿಗೆ ಬರಲಿಲ್ಲ.

ಅಮ್ಮ ತಡೆಯಲಾರದೆ ವಕೀಲರ ತಾಯಿಯನ್ನು ಕೇಳಿದಳು. "ಅಮ್ಮಾವ್ರೇ, ಆ ಡಾಕ್ಟ್ರು ಎಲ್ಲವ್ರೆ ಅಂತ ಒಸಿ ಹೇಳಿ. ನನ್ ತಂಗೀನೂ ಕರ್ಕೊಂಡೋಗ್ತೀನಿ."

"ಅದು ನಿಮ್ಮಂಥೋರಿಗೆ ಬರೋ ಕಾಯಿಲೆ ಅಲ್ಲ ಕಣೇ. ಮೈ ಬಗ್ಸಿ ದುಡಿದ್ರೆ ಸರಿಹೋಗ್ತಾಳೆ ಬಿಡು."

ಈ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನೋವು ಶುರುವಾಗುವ ಹಿಂದಿನ ದಿನದವರೆಗೂ ಚಿಕ್ಕಮ್ಮ ಮಂಡಿಯಲ್ಲಿ ಮೂಟೆ ಹೊಲಿಯುತ್ತಿದ್ದಳು. ಇನ್ನೆಷ್ಟು ಬಗ್ಗಬೇಕಿತ್ತು?

ಅಮ್ಮ ಬಿಡಲಿಲ್ಲ. ತಂಗಿಯನ್ನು ರೈಲು ಹತ್ತಿಸಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಮಾತ್ರೆಯಿಂದ ಕೆಲವು ತಿಂಗಳಲ್ಲಿ ಚಿಕ್ಕಮ್ಮ ಮಗುವನ್ನು ಎತ್ತಿಕೊಂಡಳು, ಮಂಡಿಗೂ ಹೋದಳು. ವಕೀಲರ ಹೆಂಡತಿಯೂ ಚೇತರಿಸಿಕೊಂಡರು. ಅವರಿಗೆ ಕಾಯಿಲೆ ವಾಸಿಯಾಯಿತು ಎಂದ ಜನ ಇವಳನ್ನು ಹುಚ್ಚಿ ಎನ್ನುವುದು ಬಿಡಲಿಲ್ಲ. ಗಂಡ ಇದ್ದರೂ ಅರಿಶಿನ ಕುಂಕುಮಕ್ಕೆ ಅವಳನ್ನು ಕರೆಯುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ನನ್ನ ಮದುವೆ. ಆರತಿ ತಟ್ಟೆಯನ್ನು ಎರಡು ಕಡೆ ಹಿಡಿಯಲು ಇಬ್ಬರು ಮುತ್ತೈದೆಯರು ಬೇಕು. ಮೊದಲ ಕರೆ ವಕೀಲರ ಹೆಂಡತಿಗೆ. ಇನ್ನೊಂದು ಕಡೆ ಚಿಕ್ಕಮ್ಮ ಹಿಡಿಯಲಿ ಎಂದು ಹಸೆಯ ಮೇಲಿಂದ ನಾನೇ ಹೇಳಿದೆ. ಅವಳ ಮುಖ ಅರಳಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿಬಂದಳು. ಅಡ್ಡ ನಿಂತವಳು ಗಂಡಿನ ಕಡೆಯವಳಲ್ಲ, ನಮ್ಮ ಸೋದರತ್ತೆಯೇ.

"ತಲೆ ಕೆಟ್ಟಿದ್ದೋಳ ಕೈಲಿ ಆರತಿ ಎತ್ತುಸ್ತಾರೇನೇ? ಶುಭಕಾರ್ಯ ಕಣೇ!"

ತಟ್ಟೆಯ ಆ ಕಡೆಯನ್ನು ಅತ್ತೆ ತಾನೇ ಹಿಡಿದಳು.

ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ವಕೀಲರ ಹೆಂಡತಿಯ ಕೈ ನಡುಗಿತು. ತಟ್ಟೆ ವಾಲಿ ಕೆಂಪು ನೀರೆಲ್ಲ ನೆಲಕ್ಕೆ ಚೆಲ್ಲಿತು. ಅಪಶಕುನ ಎಂದು ಒಬ್ಬರೂ ಉಸಿರೆತ್ತಲಿಲ್ಲ. "ಪಾಪ, ಸುಸ್ತಾಗಿರ್ಬೇಕು" ಎಂದು ಅತ್ತೆ ಕುರ್ಚಿ ತರಿಸಿ ಕೂರಿಸಿ, ಸೆರಗಿನಿಂದ ಗಾಳಿ ಹಾಕಿದಳು.

ನೆಲ ಒರೆಸಬೇಕಿತ್ತಲ್ಲ, ಅದಕ್ಕೆ ಚಿಕ್ಕಮ್ಮನನ್ನು ಕೂಗಿದರು. ಆಗ ಶುಭಕಾರ್ಯ ಎಂದು ಯಾರೂ ತಡೆಯಲಿಲ್ಲ.