ಪಾಚಿ ಕಾಯುವ ಅಜೀಜ್

ಬೆಳಗಿನ ಆರೂವರೆ. ಮಲೇಷ್ಯಾದಲ್ಲಿ ಈ ಹೊತ್ತಿಗೆ ಇನ್ನೂ ಕತ್ತಲೆ. ಹಣೆಗೆ ದೀಪದ ಪಟ್ಟಿ ಕಟ್ಟಿಕೊಂಡ ಅಜೀಜ್ ಒಂದು ಹಲಗೆಯ ಮೇಲೆ ಮಂಡಿಯೂರಿದ್ದಾರೆ. ಎಡಗೈ ನೆಲಕ್ಕೆ ತಾಗದಂತೆ ಅದನ್ನು ಎದೆಗೆ ಒತ್ತಿಕೊಂಡು, ಬಲಗೈಯ ಚಿಮಟದಿಂದ ಪಾಚಿಯ ನಡುವಿನ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಾರೆ. ಕಿತ್ತದ್ದು ಅಂಗಿಯ ಜೇಬಿಗೆ. ಜೇಬು ಆಗಲೇ ಉಬ್ಬಿದೆ. ನಾನು ಹತ್ತಿರ ಹೋದರೆ ತಲೆಯನ್ನೂ ಎತ್ತದೆ, "ಅಲ್ಲೇ ನಿಂದರ್ರಿ, ಮುಂದ ಬರಬ್ಯಾಡ್ರಿ" ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ಗಾಬರಿಯಿದೆ.

ಪುಚೊಂಗ್‌ನಿಂದ ಪುತ್ರಜಯಾ ಕಡೆಗೆ ಹೋಗುವಾಗ ಗುಡ್ಡದ ಮಗ್ಗುಲಿಗೆ ಸಿಗುವ ಪುಟ್ಟ ಜಪಾನಿ ದೇಗುಲವಿದು. ಕೆಲಸಕ್ಕೆಂದು ಬಂದು ನೆಲೆಸಿದ ಜಪಾನಿ ಕುಟುಂಬಗಳು ಕಟ್ಟಿಕೊಂಡದ್ದು. ಮುಂದೆ ಬಿಳಿ ಜಲ್ಲಿಯ ಅಂಗಳ, ಹಿಂದೆ ಪಾಚಿಯ ತೋಟ, ಪಾಚಿಯ ನಡುವೆ ಸೊಂಟದೆತ್ತರದ ಒಂದು ಕರಿಕಲ್ಲು. ಬಂದವರು ಫೋಟೊ ತೆಗೆದುಕೊಂಡು, ಎಷ್ಟು ತಂಪು ಎಂದು ಹೊಗಳಿ ಹೋಗುತ್ತಾರೆ. ಪಾಚಿ ತನ್ನಷ್ಟಕ್ಕೆ ಬೆಳೆದುಕೊಂಡಿದೆ ಎಂದೇ ಎಲ್ಲರ ತಿಳಿವಳಿಕೆ. ನನ್ನದೂ ಅದೇ ಆಗಿತ್ತು. ಹೋದ ತಿಂಗಳು ಗೆಳತಿ ಚಂಪಾ ಜೊತೆ ಇಲ್ಲಿ ಕೂತು ಹರಟುತ್ತಿದ್ದಾಗ, ಪೊದೆಯ ಹಿಂದಿನಿಂದ "ಯಾವ ಊರ್ರಿ ನಿಮ್ದು?" ಎಂಬ ದನಿ ಬಂತು. ಹಾಗೆ ಸಿಕ್ಕವರು ಅಜೀಜ್.

ಈ ಶನಿವಾರ ಚಂಪಾ, ಮೈಸೂರಿನಿಂದ ಬಂದಿರುವ ಅವಳ ತಾಯಿ ಗಿರಿಜಮ್ಮ ಮತ್ತು ನಾನು ಜಪಾನಿ ದೇಗುಲ, ತೋಟಗಳನ್ನು ನೋಡಿಕೊಂಡು ಸುಮ್ಮನೆ ಒಂದು ದಿನ ಕಳೆಯುವವರಿದ್ದೆವು. ಇವತ್ತು ತೋಟ ಹೊರಗಿನವರಿಗೆ ಮುಚ್ಚಿದೆ ಎಂದು ಆಮೇಲೆ ತಿಳಿಯಿತು. "ನಮ್ಮ ಮಂದಿ ಅದೀರಿ, ಎಂಟಕ್ಕ ಬರ್ರಿ. ಜಗಲಿ ಮ್ಯಾಲೆ ಕುಂತು ನೋಡ್ರಿ, ಒಂಬತ್ತೂವರಿಗೆ ಹೊಂಟುಬಿಡ್ರಿ" ಎಂದು ಅಜೀಜ್ ಹಿಂಬಾಗಿಲು ತೆರೆದುಕೊಟ್ಟಿದ್ದಾರೆ. ಅವರ ಕೆಲಸ ನೋಡುವ ಆಸೆಗೆ ನಾನು ಮಾತ್ರ ಬೆಳಕು ಹರಿಯುವ ಮುಂಚೆ ಬಂದಿದ್ದೇನೆ.

ತೋಟ ಮುಚ್ಚಿರುವುದಕ್ಕೆ ಕಾರಣವಿದೆ. ಹತ್ತು ಗಂಟೆಗೆ ಕ್ಯೋಟೊದಿಂದ ಮೊರಿತಾ ಎಂಬ ಹಿರಿಯರು ಬರುತ್ತಾರೆ. ಈ ತೋಟದ ನಕ್ಷೆ ಬರೆದವರು ಅವರೇ. ಮೂರು ವರ್ಷಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ಈ ಸಲ ಅವರ ಮುಂದೆ ದೇಗುಲದ ಆಡಳಿತ ಮಂಡಳಿಯವರದ್ದೊಂದು ಪ್ರಶ್ನೆಯಿದೆ. ಈ ಸೆಕೆಯಲ್ಲಿ ಪಾಚಿ ಉಳಿಸಿಕೊಳ್ಳುವುದು ತಲೆನೋವು, ಕಿತ್ತುಹಾಕಿ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿಬಿಡೋಣವೇ? ಮಂಡಳಿಯ ಅರ್ಧ ಜನ ಪ್ಲಾಸ್ಟಿಕ್ಕಿನ ಕಡೆಗಿದ್ದಾರೆ. ಮೊರಿತಾ ಹೇಳಿದ್ದೇ ಕೊನೆಯ ಮಾತು.

"ಪ್ಲಾಸ್ಟಿಕ್ಕಿಗೆ ನೀರು ಬ್ಯಾಡ, ನೆಳ್ಳು ಬ್ಯಾಡ, ನಾನೂ ಬ್ಯಾಡ" ಎನ್ನುತ್ತಾರೆ ಅಜೀಜ್. ಅವರ ಕೆಲಸದ ಪರ್ಮಿಟ್ಟು ವರ್ಷ ವರ್ಷವೂ ನವೀಕರಣವಾಗಬೇಕು, ಅದಕ್ಕೆ ಮಂಡಳಿಯ ಪತ್ರ ಬೇಕು. ಪಾಚಿ ಹೋದರೆ ಪತ್ರವಿಲ್ಲ. ಪತ್ರವಿಲ್ಲದಿದ್ದರೆ ಬರುವ ತಿಂಗಳು ವಿಮಾನ ಹತ್ತುವುದೇ.

ಅಜೀಜ್ ಸವಣೂರಿನವರು. ಐವತ್ತಾರು ವರ್ಷ. ಮನೆಮಾತು ಉರ್ದು, ತೋಟದ ಮಾತು ಕನ್ನಡ. ಅಪ್ಪ, ಅಜ್ಜ ಇಬ್ಬರೂ ವೀಳ್ಯದೆಲೆಯ ತೋಟದಲ್ಲಿ ದುಡಿದವರು. ಎಷ್ಟು ನೆರಳು, ಎಷ್ಟು ತೇವ ಎಂಬುದು ಅವರ ಬೆರಳಿಗೇ ಗೊತ್ತು. ಹನ್ನೆರಡು ವರ್ಷದ ಹಿಂದೆ ಕ್ಲಾಂಗ್ ಬಂದರಿನ ಗೋದಾಮಿಗೆ ಪೆಟ್ಟಿಗೆ ಹೊರಲು ಬಂದರು. ವರ್ಷದೊಳಗೆ ಬೆನ್ನು ಕೈಕೊಟ್ಟಿತು. ಅದೇ ಹೊತ್ತಿಗೆ ಈ ದೇಗುಲದವರು ಮಾಲಿಯನ್ನು ಹುಡುಕುತ್ತಿದ್ದರು. "ತ್ವಾಟದ ಕೆಲಸ ಅಂದ್ರು, ಓಡಿ ಬಂದೆ. ಬಂದು ನೋಡಿದ್ರ ಪಾಚಿ. ನಮ್ಮೂರಾಗ ಬಚ್ಚಲ ಕಲ್ಲಿನಿಂದ ಇದನ್ನ ತಿಕ್ಕಿ ತೆಗೀತೀವ್ರಿ, ಇಲ್ಲಿ ಜ್ವಾಪಾನ ಮಾಡು ಅಂದ್ರು" ಎಂದು ನಗುತ್ತಾರೆ.

ದಿನಕ್ಕೆ ಐದು ಸಲ ನೀರು. ಹನಿ ಬೀಳಬಾರದು, ಮಂಜಿನಂತೆ ಕೂರಬೇಕು. ದಿನವೂ ನಾನೂರು ಐನೂರು ಹುಲ್ಲೆಳೆ ಕೀಳಬೇಕು. ಉದುರಿದ ಎಲೆಯನ್ನು ಗುಡಿಸುವಂತಿಲ್ಲ, ಆರಿಸಬೇಕು. ಕೋತಿಗಳನ್ನು ಕೂಗದೆಯೇ ಓಡಿಸಬೇಕು, ಇದು ದೇಗುಲ. ರಜೆಯೆಂದರೆ ವರ್ಷಕ್ಕೊಮ್ಮೆ, ಅದೂ ಮಳೆ ಹಿಡಿದಾಗ. ಮಗಳು ತಸ್ನೀಮಳ ಮದುವೆ ಗೊತ್ತಾದದ್ದು ಬಿಸಿಲಿನ ತಿಂಗಳಲ್ಲಿ. ನಾಲ್ಕು ದಿನ ಬಿಟ್ಟುಹೋದರೆ ಪಾಚಿ ಉಳಿಯುತ್ತಿರಲಿಲ್ಲ. ಈ ಜಗಲಿಗೆ ಫೋನು ಒರಗಿಸಿಟ್ಟುಕೊಂಡು ನಿಕಾಹ್ ನೋಡಿದರಂತೆ. "ಕುಲ್ಸುಂ ಮೂರು ತಿಂಗಳು ನನ್ನ ಜೋಡಿ ಮಾತಾಡಲಿಲ್ರಿ. ಮಗಳಿಗಿಂತ ಪಾಚಿ ಹೆಚ್ಚಾತೇನು ಅಂದ್ಲು. ಏನು ಹೇಳಲಿ?" ಇದನ್ನು ಹೇಳುವಾಗ ಚಿಮಟ ನಿಂತಿತು. ಹೆಂಡತಿಯ ಆ ಪ್ರಶ್ನೆ ಕೇಳಿ, ಹೇಳಬೇಕೆಂದರೆ, ನನಗೂ ಅಜೀಜರ ಮೇಲೆ ಸಿಟ್ಟೇ ಬಂತು.

ಬೆಳಕು ಹರಿಯುತ್ತಿದ್ದಂತೆ ಅವರು ಇನ್ನೊಂದು ವಿಷಯ ಹೇಳಿದರು. ಈ ಪಾಚಿ ಜಪಾನಿನದ್ದಲ್ಲ. ಮೊರಿತಾ ವಿಮಾನದಲ್ಲಿ ಕಳಿಸಿಕೊಟ್ಟಿದ್ದ ಪಾಚಿ ಮೊದಲ ವರ್ಷವೇ, ಹತ್ತೊಂಬತ್ತನೆಯ ದಿನಕ್ಕೆ, ಸತ್ತುಹೋಯಿತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಜೀಜ್ ಬಾಯಿ ಬಿಡಲಿಲ್ಲ. ಪುಚೊಂಗ್‌ನಲ್ಲಿ ತಾವಿದ್ದ ಕೋಣೆಯ ಹಿಂದಿನ ಓಣಿಯ ಚರಂಡಿಗೋಡೆಯಲ್ಲಿ ದಟ್ಟವಾಗಿ ಬೆಳೆದಿದ್ದ ಪಾಚಿಯನ್ನು ದಿನಾ ಬೆಳಗ್ಗೆ ಬ್ಲೇಡಿನಿಂದ ಕೆತ್ತಿ, ಊಟದ ಡಬ್ಬಿಯಲ್ಲಿ ತುಂಬಿ ತಂದು ನೆಟ್ಟರು. ನಾಲ್ಕು ತಿಂಗಳು. ಹನ್ನೊಂದು ವರ್ಷದಿಂದ ದೇಗುಲಕ್ಕೆ ಬಂದವರೆಲ್ಲ ಕ್ಯೋಟೊದ ಪಾಚಿಯೆಂದು ಕೈಮುಗಿಯುತ್ತಿರುವುದು ಪುಚೊಂಗ್ ಚರಂಡಿಯ ಪಾಚಿಗೆ.

"ಮೊರಿತಾ ಸಾಹೇಬ್ರು ದೂರ ನಿಂತು ನೋಡ್ತಾರ, ಮುಟ್ಟೂದಿಲ್ಲ. ಅದಕ್ಕ ಮೂರು ಸಲ ಪಾರಾಗೀನಿ. ಕೈಯಾಗ ಹಿಡದು ನೋಡಿದ್ರ ಮಾತ್ರ ಮುಗೀತು" ಎನ್ನುತ್ತಾರೆ.

ಎಂಟಕ್ಕೆ ಚಂಪಾ, ಗಿರಿಜಮ್ಮ ಬಂದರು. ಜಗಲಿಯಲ್ಲಿ ಕೂತೆವು. ಗಿರಿಜಮ್ಮನಿಗೆ ಎಪ್ಪತ್ತೊಂದು, ಒಳ್ಳೆಯ ಜೀವ. "ಎಷ್ಟು ಪ್ರಶಾಂತವಾಗಿದೆ ಕಣೇ, ನಮ್ಮ ಗುಡಿಗಳಲ್ಲಿ ಹೀಗೆ ಕೂರೋಕಾಗುತ್ತಾ" ಎಂದು ನಾಲ್ಕು ಸಲ ಹೇಳಿದರು. ಒಂಬತ್ತರ ಸುಮಾರಿಗೆ ಅಜೀಜ್ ನೀರು ಸಿಂಪಡಿಸುವ ಡಬ್ಬ ತುಂಬಲು ಆಚೆ ಹೋದರು. ಹಲಗೆ ಕಲ್ಲಿನವರೆಗೂ ಹಾಸಿದಂತೆಯೇ ಇತ್ತು. ಚಂಪಾ ಫೋನಿನಲ್ಲಿದ್ದಳು. ನಾನು, ಕೆಲಸಗಾರರನ್ನು ಯಾರೂ ಗಮನಿಸುವುದಿಲ್ಲ ಎಂಬ ಸಾಲನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ನನ್ನ ಗಮನದ ಯೋಗ್ಯತೆ ಅಷ್ಟು.

ತಲೆ ಎತ್ತಿದಾಗ ಗಿರಿಜಮ್ಮ ಚಪ್ಪಲಿ ಬಿಟ್ಟು, ಹಲಗೆಯ ಮೇಲೆ ನಡೆದು, ಕಲ್ಲಿನ ಮುಂದೆ ನಿಂತಿದ್ದರು. ಕರಿಕಲ್ಲು, ಸುತ್ತ ತೇವ, ಬೆಳಗಿನ ಹೊತ್ತು. ಅವರ ಕಣ್ಣಿಗೆ ಅದು ಕಂಡದ್ದು ಈಶ್ವರನಾಗಿ. ಪರದೇಶದಲ್ಲಿ ಪೂಜೆಯಿಲ್ಲದೆ ನಿಂತಿರುವ ಈಶ್ವರ. ಚೀಲದಿಂದ ಅರಿಸಿನ ಕುಂಕುಮದ ಡಬ್ಬಿ ತೆಗೆದು, ಕಲ್ಲಿಗೆ ಮೂರು ಬೆರಳಿನಿಂದ ಹಚ್ಚಿ, ಉಳಿದದ್ದನ್ನು ಬುಡಕ್ಕೆ ಧಾರಾಳವಾಗಿ ಏರಿಸಿಬಿಟ್ಟಿದ್ದರು. ಈಗ ಅಭಿಷೇಕಕ್ಕೆಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

"ನೀರ ಹಾಕಬ್ಯಾಡ್ರೀ!"

ಹನ್ನೊಂದು ವರ್ಷದಲ್ಲಿ ಈ ತೋಟದಲ್ಲಿ ಅಜೀಜ್ ಕೂಗಿದ್ದು ಅದೇ ಮೊದಲಂತೆ. ಗಿರಿಜಮ್ಮ ಹಾಗೆಯೇ ಕಲ್ಲಾದರು. ಅಜೀಜ್ ಡಬ್ಬ ಬಿಸುಟು ಓಡಿ ಬಂದು ಹಲಗೆಯ ಮೇಲೆ ಕುಸಿದು ಕೂತು ಕೇಳಿದ್ದು ಒಂದೇ ಮಾತು. "ಅವ್ವಾರ, ಕುಂಕುಮ ಅಂಗಡೀದೋ, ಮನೀದೋ?"

"ಮನೇದೇ ಕಣಪ್ಪ. ಅರಿಸಿನಕ್ಕೆ ಸುಣ್ಣ ಕಲಸಿ ನಾನೇ ಮಾಡಿದ್ದು" ಎಂದರು ಗಿರಿಜಮ್ಮ. ಆ ಹೊತ್ತಿನಲ್ಲೂ ದನಿಯಲ್ಲಿ ಒಂದಿಷ್ಟು ಹೆಮ್ಮೆಯಿತ್ತು.

ಅಜೀಜ್ ಕಣ್ಣು ಮುಚ್ಚಿಕೊಂಡರು. ಸುಣ್ಣ ಬಿದ್ದರೆ ಪಾಚಿ ಸುಟ್ಟುಹೋಗುತ್ತದೆ. ನೀರು ತಾಗಿದರೆ ಸುಣ್ಣ ಕರಗಿ ಸುತ್ತಲೂ ಹರಡುತ್ತದೆ. ತೊಳೆಯುವಂತಿಲ್ಲ, ಗುಡಿಸುವಂತಿಲ್ಲ. ಮೊರಿತಾ ಬರಲು ಐವತ್ತು ನಿಮಿಷ ಉಳಿದಿತ್ತು. ಅಜೀಜ್ ತಮ್ಮ ಊಟದ ಡಬ್ಬಿ ತರಲು ನನಗೆ ಹೇಳಿದರು. ಬೆಳಗ್ಗೆ ತಾವೇ ಎಣ್ಣೆ ಹಾಕದೆ ಬೇಯಿಸಿದ ನಾಲ್ಕು ಚಪಾತಿ ಅದರಲ್ಲಿದ್ದವು. ಚಪಾತಿಯನ್ನು ಹರಿದು, ಮುದ್ದೆ ಮಾಡಿ, ಕುಂಕುಮದ ಮೇಲೆ ಮೆಲ್ಲಗೆ ಒತ್ತಿ ಎತ್ತತೊಡಗಿದರು. ಒಂದೊಂದು ಒತ್ತಿಗೂ ಒಂದಿಷ್ಟು ಕೆಂಪು ಮೇಲೆದ್ದು ಬರುತ್ತಿತ್ತು. ಚಂಪಾ ಒಮ್ಮೆ "ಅಮ್ಮ, ಯು ಶುಡ್ ಹ್ಯಾವ್ ಆಸ್ಕ್‌ಡ್" ಎಂದು ಗದರಿದಳು. ಇವರನ್ನೆಲ್ಲ ಇಲ್ಲಿಗೆ ಕರೆತಂದವಳು ನಾನು.

ನಾಲ್ಕು ಚಪಾತಿಯೂ ಮುಗಿದವು. ಕಲ್ಲಿನ ಬುಡದಲ್ಲಿ ಅಂಗೈಯಗಲ ಜಾಗದಲ್ಲಿ ಮಾತ್ರ ಕುಂಕುಮ ಆಳಕ್ಕೆ ಇಳಿದಿತ್ತು. ಅಜೀಜ್ ಚಾಕು ತೆಗೆದು ಅಷ್ಟನ್ನೂ ಬೇರು ಸಮೇತ ಕೊಯ್ದು ಡಬ್ಬಿಯ ಮುಚ್ಚಳದ ಮೇಲೆ ಇಟ್ಟುಕೊಂಡರು. ಹಸಿರಿನ ನಡುವೆ ಬರಿಮಣ್ಣು ಕಾಣತೊಡಗಿತು. ಒಂಬತ್ತೂವರೆಗೆ ಹೊರಡಬೇಕೆಂಬುದು ನಮಗ್ಯಾರಿಗೂ ನೆನಪಾಗಲಿಲ್ಲ.

ಒಂಬತ್ತು ಐವತ್ತಕ್ಕೆ ಮಂಡಳಿಯ ಕಾರ್ಯದರ್ಶಿ ಲಿಮ್ ಮೇಡಂ ಬಂದರು. ನೋಡಿದರು, ಮುಖ ಬಿಳಿಚಿತು. ನಾಲ್ಕು ಒಣಗಿದ ಎಲೆ ತಂದು ಬರಿಮಣ್ಣಿನ ಮೇಲೆ ತಾವೇ ಹರಡಿ, "ಏನೂ ಹೇಳಬೇಡ. ಆ ಮುಚ್ಚಳ ಕಸಕ್ಕೆ ಹಾಕು" ಎಂದು ಮಲಯ್ ಭಾಷೆಯಲ್ಲಿ ಗದರಿದರು. ಕಸಕ್ಕೆ ಹಾಕಿದ್ದರೆ ಅಜೀಜರಿಗೂ ಒಳ್ಳೆಯದೇ ಇತ್ತು. ಅವರು ಹಾಕಲಿಲ್ಲ, ಮುಚ್ಚಳವನ್ನು ಕೈಯಲ್ಲೇ ಹಿಡಿದು ನಿಂತರು.

ಮೊರಿತಾ ಎಂದರೆ ದೊಡ್ಡ ಆಳು ಎಂದುಕೊಂಡಿದ್ದೆ. ಬಂದದ್ದು ಊರುಗೋಲು ಹಿಡಿದ ಸಣ್ಣ ಮುದುಕರು. ಕಾಲು ಗಂಟೆ ಅಂಚಿನಲ್ಲಿ ನಡೆದರು. ಕಲ್ಲಿನ ಎದುರು ಬಂದು, ಊರುಗೋಲಿನ ತುದಿಯಿಂದ ಆ ನಾಲ್ಕು ಎಲೆಗಳನ್ನು ಸರಿಸಿ, ಏನಿದು ಎಂದು ಕೇಳಿದರು. ರೋಗ ಬಂದಿತ್ತು, ತೆಗೆದೆವು ಎಂದರು ಲಿಮ್ ಮೇಡಂ. ಇಬ್ಬರೂ ಆಡಿದ್ದು ಜಪಾನಿಯಲ್ಲಿ, ಹನ್ನೊಂದು ವರ್ಷದಿಂದ ಅದನ್ನು ಕೇಳುತ್ತ ಬಂದಿರುವ ಅಜೀಜ್ ನಮಗೆ ಆಮೇಲೆ ಅರ್ಥ ಹೇಳಿದರು; ಆದರೆ ಅದು ಸುಳ್ಳೆಂದು ಲಿಮ್ ಮೇಡಂ ಮುಖವೇ ಆಗ ಹೇಳುತ್ತಿತ್ತು.

ಅಜೀಜ್ ಒಂದು ಹೆಜ್ಜೆ ಮುಂದೆ ಬಂದರು. ರೋಗವಲ್ಲ, ನನ್ನ ಅತಿಥಿಗಳು ಕಲ್ಲಿಗೆ ಪೂಜೆ ಮಾಡಿದರು, ಸುಣ್ಣ ಬಿತ್ತು, ಹಲಗೆ ತೆಗೆಯದೆ ಹೋದದ್ದು ನನ್ನ ತಪ್ಪು ಎಂದು ಮಲಯ್‌ನಲ್ಲಿ ಹೇಳಿ ಮುಚ್ಚಳವನ್ನು ಮುಂದೆ ಚಾಚಿದರು. ಲಿಮ್ ಮೇಡಂ ಬೇರೆ ದಾರಿಯಿಲ್ಲದೆ ಅನುವಾದಿಸಿದರು. ಗಿರಿಜಮ್ಮ ಸೆರಗು ಹೊದ್ದು ಕೈಜೋಡಿಸಿ, "ಪೂಜೆ ಮಾಡಿದ್ದು ನಾನು, ಅವರನ್ನ ಏನೂ ಅನ್ನಬೇಡಿ" ಎಂದು ಕನ್ನಡದಲ್ಲೇ ಹೇಳಿದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಮೊರಿತಾ ಪಾಚಿಯನ್ನು ಕೈಗೆತ್ತಿಕೊಂಡರು. ಮಗುಚಿದರು. ಕನ್ನಡಕ ಏರಿಸಿ ಬೇರಿನ ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದರು. ಲಿಮ್ ಮೇಡಂ ಅಜೀಜರ ಕಡೆ ತಿರುಗಿ, "ಇದು ನಾನು ಕಳಿಸಿದ್ದಲ್ಲ ಅಂತಿದ್ದಾರೆ" ಎಂದರು.

ಅಜೀಜ್ ಎಲ್ಲವನ್ನೂ ಹೇಳಿದರು. ಚರಂಡಿ, ಬ್ಲೇಡು, ಊಟದ ಡಬ್ಬಿ. ಹೇಳಿ ಮುಗಿಸಿ ತಲೆ ತಗ್ಗಿಸಿದರು. ನಾನು ಕಳಿಸಿದ ಪಾಚಿ ಎಷ್ಟು ದಿನ ಬದುಕಿತ್ತು ಎಂದು ಮೊರಿತಾ ಕೇಳಿದರು. ಹತ್ತೊಂಬತ್ತು ದಿನ ಎಂದರು ಅಜೀಜ್. ಮುದುಕರ ಮುಖದಲ್ಲಿ ನಗು ಮೂಡಿತು. "ಒಂದು ವಾರವೂ ಬದುಕಲಾರದು ಎಂದುಕೊಂಡೇ ಕಳಿಸಿದ್ದೆ. ಹತ್ತೊಂಬತ್ತು ದಿನ ಉಳಿಸಿದ್ದಾನೆ" ಎಂದು ಲಿಮ್ ಮೇಡಂಗೆ ಹೇಳಿದರಂತೆ. ಆಮೇಲಿನ ಮಾತು ಚಿಕ್ಕದು. ಪ್ಲಾಸ್ಟಿಕ್ ಬೇಡ. ಬರಿಮಣ್ಣಿಗೆ ಬೇರೆಡೆಯಿಂದ ತಂದು ತೇಪೆ ಹಾಕಬೇಡಿ, ಸುತ್ತಲಿನದು ತಾನಾಗಿ ಬಂದು ಕೂಡಿಕೊಳ್ಳಲಿ.

ಲಿಮ್ ಮೇಡಂ ಮಾತ್ರ ನಗಲಿಲ್ಲ. ಹನ್ನೊಂದು ವರ್ಷ ನಮಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ಅಜೀಜರಿಗೆ ಅಂದು, ಪತ್ರ ಸೋಮವಾರ ಕೊಡುತ್ತೇನೆ, ಈ ಒಂದು ವರ್ಷಕ್ಕೆ, ಆಮೇಲಿನದು ಆಮೇಲೆ ಎಂದು ಹೋದರು. ಅವರ ಸಿಟ್ಟೂ ಅನ್ಯಾಯದ್ದೇನಲ್ಲ.

ಎಲ್ಲರೂ ಹೋದ ಮೇಲೆ ಗಿರಿಜಮ್ಮ ಕಣ್ಣೊರೆಸಿಕೊಳ್ಳುತ್ತ ಜಗಲಿಯಲ್ಲಿ ಕೂತಿದ್ದಾರೆ. ಅಜೀಜ್ ಅವರ ಬಳಿ ಬಂದು, "ಅಳಬ್ಯಾಡ್ರಿ ಅವ್ವಾರ. ದೇವರಂತ ತಿಳದು ಮಾಡೀರಿ, ಕಲ್ಲಂತ ತಿಳದು ಒದ್ದಿಲ್ಲ" ಎನ್ನುತ್ತಾರೆ. ಬೆಳಗಿನಿಂದ ಏನೂ ತಿಂದಿಲ್ಲ. ಹತ್ತಿರದ ತಮಿಳು ಮುಸಲ್ಮಾನರ ಮಾಮಕ್ ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರುತ್ತೇನೆಂದು ಚಂಪಾ ಹೊರಟರೆ, "ಆಮ್ಯಾಲೆ ತಿಂತೀನ್ರಿ, ಬಿಸಲು ಏರಾಕತ್ತೈತಿ" ಎಂದು ನೀರಿನ ಡಬ್ಬ ಹೆಗಲಿಗೇರಿಸುತ್ತಾರೆ.

ಆ ಅಂಗೈಯಗಲ ಜಾಗ ಮುಚ್ಚಲು ಎಷ್ಟು ದಿನ ಬೇಕು ಎಂದು ಕೇಳುತ್ತೇನೆ.

"ಎರಡು ವರ್ಷ ಬೇಕ್ರಿ. ಇದರ ನಡಿಗಿ ಭಾಳ ಸಾವಕಾಶ."

ಪತ್ರ ಒಂದು ವರ್ಷದ್ದು. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡು, "ಇರ್ಲಿ ಬಿಡ್ರಿ. ಯಾರರ ದಿನಾ ನೀರು ಕೊಟ್ರ ಸಾಕು, ನಾನ ಆಗಬೇಕಂತೇನಿಲ್ಲ" ಎನ್ನುತ್ತಾರೆ. ಹಲಗೆಯ ಮೇಲೆ ಮಂಡಿಯೂರಿ, ಬರಿಮಣ್ಣಿನ ಸುತ್ತ ಒಂದು ಸುತ್ತು ಮಂಜು ಹಾಯಿಸುತ್ತಾರೆ. ಇನ್ನೊಂದು ಸುತ್ತು ಹಾಯಿಸುತ್ತಾರೆ. ಆಮೇಲೆ, ನನ್ನ ಕಡೆ ತಿರುಗದೆಯೇ, ಮೆಲ್ಲಗೆ ಹೇಳುತ್ತಾರೆ:

"ಖರೇ ಹೇಳ್ಬೇಕಂದ್ರ, ನಾನ ಆಗಬೇಕ್ರಿ."