ಶಾಂತಿಗಾಗಿ ಕೂಗಾಡಿದ ದಿನಗಳು

ನಿನ್ನೆ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ, "ದಿನಾ ಪ್ರಾಣಾಯಾಮ ಮಾಡಿ. ಉಸಿರನ್ನ ನಿಧಾನವಾಗಿ ಬಿಟ್ರೆ ನರಗಳ ಬಿಗಿ ಸಡಿಲ ಆಗುತ್ತೆ" ಎಂದರು. ಈ ಮಾತನ್ನು ಮೊದಲ ಸಲ ಕೇಳಿದವನಂತೆ ತಲೆಯಾಡಿಸಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜೆ ಮುಸಿಮುಸಿ ನಕ್ಕಳು. ನಗಲಿ ಬಿಡಿ, ಅವಳಿಗೆ ಹಕ್ಕಿದೆ.

ನಲವತ್ತರ ದಶಕದಲ್ಲಿ ನಾನು ಅರಕಲಗೂಡಿನಲ್ಲಿ ಹಂಗಾಮಿ ಮೇಷ್ಟ್ರಾಗಿದ್ದೆ. ಇನ್ಸ್‌ಪೆಕ್ಟರು ಬರುತ್ತಾರೆಂದರೆ ಸಾಕು, ಸೀಮೆಸುಣ್ಣ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಬೋರ್ಡಿನ ಮೇಲೆ ನಾನೇ ಬರೆದ ಅಕ್ಷರ ನನಗೇ ಗುರುತು ಸಿಗುತ್ತಿರಲಿಲ್ಲ. ಈ ಸಲವೂ ಹೀಗಾದರೆ ಕೆಲಸ ಖಾಯಂ ಆಗದು ಎಂದು ಹೆಡ್‌ಮಾಸ್ಟರು ಎಚ್ಚರಿಸಿದ್ದರು. ಕೊಣನೂರು ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದ ಬಸಪ್ಪನವರು ಯೋಗ ಬಲ್ಲವರೆಂದು ಯಾರೋ ಹೇಳಿದರು, ಹೋದೆ. ಅವರು ಗಂಟು ಬಿಚ್ಚುತ್ತಲೇ ಪಾಠ ಮಾಡಿದರು: "ಉಸ್ರು ಎಳ್ಕೊಳ್ಳೋದು ಎಲ್ರಿಗೂ ಬತ್ತದೆ ಸಾ. ನಿಧಾನುಕ್ಕೆ ಬುಡೋದ್ನ ಕಲೀರಿ. ನರ ತಂತಾನೇ ತಣ್ಣಗಾಯ್ತದೆ."

ಶುರುವಾಯಿತು ನೋಡಿ! ಬೆಳಗಾಗುತ್ತಲೇ ನಡುಮನೆಯಲ್ಲಿ ಪದ್ಮಾಸನ. ಬಾವಿಯ ರಾಟೆ ಕಿರ್ರೆಂದರೆ ಗದರುತ್ತಿದ್ದೆ, ಪಾತ್ರೆ ಸದ್ದಾದರೆ ಹಾರಾಡುತ್ತಿದ್ದೆ. "ಸುಮ್ಮನಿರ್ತೀಯೋ ಇಲ್ವೋ! ಇಲ್ಲಿ ಮನಸ್ಸು ಶಾಂತ ಮಾಡ್ಕೋತಿದೀನಿ!" ಎಂಬ ನನ್ನ ಅಬ್ಬರ ಬೀದಿಗೆಲ್ಲ ಕೇಳುತ್ತಿತ್ತು. ನಾಲ್ಕನೆಯ ದಿನ ಪಕ್ಕದ ಮನೆಯ ನಿಂಗಮ್ಮ ಖಾಲಿ ಚೊಂಬು ಹಿಡಿದು ಬಾಗಿಲಿಗೇ ಬಂದಳು.

"ಮೇಷ್ಟ್ರೇ, ನೀವು ಸಾಂತಿ ಸುರು ಮಾಡ್ದಾಗಿಂದ ನಮ್ಮೆಮ್ಮೆ ಆಲೇ ಇಳುಸ್ತಿಲ್ಲ ಕಣಪ್ಪ. ಒಸಿ ತ್ವಾಟದ ಕಡೀಕೆ ಓಗಿ ಮಾಡ್ಕೋಬಾರ್ದಾ?"

ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಅಭ್ಯಾಸ ಬಿಡಲಿಲ್ಲ. ಅಂದಿನಿಂದ ಮನೆಯಲ್ಲಿ ಸದ್ದೇ ಅಡಗಿತು, ನನ್ನ ಕೂಗಾಟವೂ ನಿಂತಿತು. ಎರಡು ವಾರಕ್ಕೆ ಕೈ ನಡುಕವೂ ಹೋಯಿತು. ನಾನು ಅರ್ಧ ಋಷಿಯೇ ಆಗಿಬಿಟ್ಟೆನೆಂದು ಬೀಗಿದೆ.

ಒಂದು ಬೆಳಿಗ್ಗೆ ಬೇಗ ಮುಗಿಸಿ ಹಿತ್ತಲಿಗೆ ಹೋದೆ. ಸೌದೆ ಒಟ್ಟಿಲಿನ ಹಿಂದೆ ಗಿರಿಜೆ ಮುದುಡಿ ಕೂತಿದ್ದಳು, ಬಾಯಿಗೆ ಸೆರಗು ತುರುಕಿಕೊಂಡು. ಮುಖವೆಲ್ಲ ಕೆಂಪು, ಕಣ್ಣಲ್ಲಿ ನೀರು.

"ಇಲ್ಲೇನು ಮಾಡ್ತಿದೀಯೇ?"

ಸೆರಗು ತೆಗೆದು ಕೇಳಿದಳು: "ನಿಮ್ದು ಮುಗೀತಾ? ಹಂಗಾದ್ರೆ ಈಗ ಕೆಮ್ಮಲಾ?"

ನಾಚಿಕೆಯಿಂದ ಭೂಮಿಗಿಳಿದು ಹೋದೆ. ತಿಂಗಳಿನಿಂದ ಅವಳಿಗೆ ಕೆಮ್ಮು, ನನಗೆ ಗೊತ್ತೇ ಇಲ್ಲ! ಬೆನ್ನು ಸವರಲು ಹೋದರೆ ಕೈ ಮತ್ತೆ ಗಡಗಡ ನಡುಗುತ್ತಿತ್ತು. ಹಾಸನದ ಆಸ್ಪತ್ರೆಗೆ ಓಡಾಡಿ ಅವಳನ್ನು ಗುಣಪಡಿಸುವಷ್ಟರಲ್ಲಿ ನನ್ನ ಯೋಗ ನಿಂತುಹೋಯಿತು. ಇನ್ಸ್‌ಪೆಕ್ಟರ ಮುಂದೆ ನಡುಗುವ ಕೈಯಲ್ಲೇ ಬರೆದೆ. ಕೆಲಸ ಖಾಯಂ ಆಗಲು ಇನ್ನೂ ಒಂದು ವರ್ಷ ಹಿಡಿಯಿತು.

ಇವತ್ತು ಬೆಳಿಗ್ಗೆ ಮತ್ತೆ ಚಾಪೆ ಹಾಸಿದೆ. "ನೀನೂ ಬಾ" ಎಂದೆ. ಬಂದು ಪಕ್ಕದಲ್ಲಿ ಕೂತಳು. ಅವಳು ಕಣ್ಣು ಮುಚ್ಚಿದಳು, ನಾನು ಮುಚ್ಚಲಿಲ್ಲ. ಅವಳು ಉಸಿರೆಳೆದು ನಿಧಾನವಾಗಿ, ಪೂರ್ತಿಯಾಗಿ ಬಿಡುವವರೆಗೂ ನೋಡುತ್ತ ಕೂತಿದ್ದೆ. ಆಮೇಲೆ ನನ್ನದನ್ನು ಬಿಟ್ಟೆ.